ವರ್ಷತೊಡಕಿನ ಬಾಡು, ಎರಡು ಪಾಯಿಂಟ್ ಮೂರು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕಥೆಯಲ್ಲಿ ನಾನು ಒಂದು ಇಡೀ ದಿನ ಸಿಟ್ಟಿಲ್ಲದೆ ಬದುಕಬೇಕಾಗಿತ್ತು.

ನಾನು ಭೀಮೇಶ್. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಶೆಡ್ಡಿನಲ್ಲಿ ಜಿಪ್ ಕೂರಿಸುವವನು. ಜಿಪ್ಪು ಕಚ್ಚಿಕೊಂಡರೆ ಜಿಪ್ಪಿನ ಮೇಲೆ ಸಿಟ್ಟು, ದಾರ ಹರಿದರೆ ದಾರದ ಮೇಲೆ ಸಿಟ್ಟು, ಕರೆಂಟು ಹೋದರೆ ಹೋದ ಕರೆಂಟಿನ ಮೇಲೂ ಸಿಟ್ಟು, ಇಷ್ಟು ತಡವಾಗಿ ಬಂದ ಕರೆಂಟಿನ ಮೇಲೂ ಸಿಟ್ಟು. ಇದರಲ್ಲಿ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ನನ್ನ ಹೆಂಡತಿ ವಾಣಿಶ್ರೀಗೆ ಅರ್ಥವಾಗಿತ್ತು. ಅವಳು ಯುಗಾದಿಗೆ ಮೊದಲೇ ರೊಳ್ಳದ ಹತ್ತಿರದ ತನ್ನ ತವರೂರಿಗೆ ಹೊರಟುಹೋಗಿ, ಅಲ್ಲಿಂದ ಫೋನ್ ಮಾಡಿದಳು.

"ನನ್ ತಮ್ಮನ್ ಮದ್ವೇಲಿ ವಾಲಗದೋರ್ ಮೇಲೆ ಜಗಳಾಡಿದ್ರಿ. ಅಕ್ಕನ ಮಗೀನ ನಾಮಕರಣದಲ್ಲಿ ಅಡುಗೆಯೋನ್ ಮೇಲೆ ಜಗಳಾಡಿದ್ರಿ."

"ಅಂವ ಸಾರಿಗೆ ಉಪ್ಪು ಹಾಕಿರ್ಲಿಲ್ಲ."

"ಅದು ಪಾಯಸ ಕಣ್ರೀ. ಈಗ ಕೇಳಿ. ವರ್ಷತೊಡಕಿಗೆ ಬನ್ನಿ. ಒಂದ್ ದಿನ, ಯಾರ್ ಮೇಲೂ ಜಗಳಾಡ್ದಂಗೆ ಇರಿ. ಇದ್ರೆ ಮಧ್ಯಾಹ್ನದ ಬಸ್ಸಿಗೆ ನಿಮ್ ಜತೇಲಿ ಹೊಂಡ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ಅವಳು ಬೇಕೆಂದೇ ಆ ದಿನ ಆರಿಸಿದ್ದಳು. ಯುಗಾದಿಯ ದಿನ ಬೇವು ಬೆಲ್ಲ, ಹೋಳಿಗೆ. ಮರುದಿನ ವರ್ಷತೊಡಕು, ಅವತ್ತು ಬಾಡೂಟ. ಅವತ್ತು ಏನು ನಡೆಯುತ್ತದೋ ಅದೇ ವರ್ಷವೆಲ್ಲ ತೊಡರಿಕೊಳ್ಳುತ್ತದೆ ಎಂದು ಆ ಕಡೆಯ ಊರುಗಳ ನಂಬಿಕೆ. ಅವತ್ತು ಅತ್ತವರು ವರ್ಷವೆಲ್ಲ ಅಳುತ್ತಾರೆ, ಅವತ್ತು ಜಗಳಾಡಿದವರು ವರ್ಷವೆಲ್ಲ ಜಗಳಾಡುತ್ತಾರೆ. ಅವತ್ತು ನಾನೊಬ್ಬನೇ ಬಸ್ಸು ಹತ್ತಿದರೆ ಮುಂದಿನ ಯುಗಾದಿಯವರೆಗೆ ನನ್ನ ಅನ್ನ ನಾನೇ ಬೇಯಿಸಿಕೊಳ್ಳಬೇಕು. ನನಗೆ ಸಿಟ್ಟು ಬಂತು. ಅದನ್ನು ಬ್ಯಾಗಿನಲ್ಲಿ ಬಟ್ಟೆಯ ಕೆಳಗೆ ಇಟ್ಟುಕೊಂಡು ಹೊರಟೆ.

ವರ್ಷತೊಡಕಿನ ಬೆಳಿಗ್ಗೆ ಮಾವ ಚಿಕ್ಕತಿಮ್ಮಯ್ಯನವರು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅವರು ಒಳ್ಳೆಯವರು, ಆದರೆ ಅವರ ಕಿವಿಗೆ ಒಂದು ಮಾತು ಬಿದ್ದರೆ ಬಾಯಿಂದ ಹೊರಗೆ ಬರುವಾಗ ಅದಕ್ಕೆ ಮದುವೆಯಾಗಿ ಮಕ್ಕಳಾಗಿರುತ್ತವೆ.

"ಅಳಿಮಯ್ಯ, ನಿಮ್ ಶೆಡ್ಡಲ್ಲಿ ಕೆಲ್ಸ ಹೆಂಗೈತಪ್ಪ?"

"ನಮ್ ಶೆಡ್ಡಿನಾಗ ಎಲ್ಲಾ ಪಾಯಿಂಟ್ ಲೆಕ್ಕಾರಿ ಮಾವಾರ. ಅಂದಾಜು ಅನ್ನೋದೇ ಇಲ್ರಿ."

ಇದು ನಿಜ. ಪಾಯಿಂಟ್ ಲೆಕ್ಕ ಮಾಡುವವರು ಬಟ್ಟೆ ಕತ್ತರಿಸುವ ಮಾಸ್ಟರು. ನಾನು ಜಿಪ್ಪು. ಅಷ್ಟು ವಿವರ ಕಾಫಿ ಕುಡಿಯುವಾಗ ಯಾರು ಹೇಳುತ್ತಾರೆ? ಮಾವ ಲೋಟ ಕೆಳಗಿಟ್ಟು ಬೀದಿಯ ತುದಿಯ ಬೇವಿನಕಟ್ಟೆಯ ಕಡೆಗೆ ಹೋದರು. ನಾನು ಹಿಂದಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಅವರು ಹೇಳುತ್ತಿದ್ದರು: "ಪಾಯಿಂಟ್ ಲೆಕ್ಕದಲ್ಲಿ ರಾಯದುರ್ಗಕ್ಕೇ ನಮ್ ಅಳಿಮಯ್ಯ ಒಬ್ರೇ ಅಂತೆ."

ಕಟ್ಟೆಯ ಮುಂದೆ ಆ ಹೊತ್ತಿಗೆ ಕುರಿಗಳು ಕುರಿಗಳಾಗಿ ಉಳಿದಿರಲಿಲ್ಲ. ಆ ಊರಿನಲ್ಲಿ ವರ್ಷತೊಡಕಿಗೆ ಅಂಗಡಿಯಿಂದ ಮಾಂಸ ತರುವುದಿಲ್ಲ. ಒಂದಷ್ಟು ಮನೆಯವರು ಸೇರಿ ಕುರಿ ಕಡಿದು, ಎಲ್ಲವನ್ನೂ ಕೊಚ್ಚಿ ಕಲಸಿ, ಹೊಂಗೆಸೊಪ್ಪು ಹಾಸಿ ಅದರ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಅದಕ್ಕೇ ಗುಡ್ಡೆಬಾಡು. ಗುಡ್ಡೆ ಹಾಕುವ ಹಿರಿಯ ಬೋರಪ್ಪ. ಅವನಿಗೆ ತಕ್ಕಡಿ ಬೇಕಿಲ್ಲ, ಕಣ್ಣೇ ಸಾಕು. ಕೈಯಲ್ಲಿ ಎತ್ತಿ ಹಾಕುತ್ತಾನೆ, ಒಂದು ತುಂಡು ಈ ಗುಡ್ಡೆಯಿಂದ ತೆಗೆದು ಆ ಗುಡ್ಡೆಗೆ ಇಡುತ್ತಾನೆ, ಮುಗಿಯಿತು.

"ಈ ಸರಿ ಕಣ್ಣಳತೆ ಆಗಾಕಿಲ್ಲ," ಎಂದಳು ಪಕ್ಕದ ಮನೆಯ ನರಸಕ್ಕ, ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು. "ಹೋದ್ ವರ್ಷತೊಡಕಲ್ಲಿ ನನ್ ಗುಡ್ಡೇಲಿ ಬರೀ ಮೂಳೆ. ವರ್ಷೆಲ್ಲಾ ನಂಗೆ ಮೂಳೆ ನೋವು."

"ನಿನ್ ಮೂಳೆ ನೋವಿಗೂ ಕುರಿ ಮೂಳೆಗೂ ಏನಮ್ಮಿ ಸಂಬಂಧ?" ಎಂದ ಬೋರಪ್ಪ, ಮಚ್ಚು ಒರೆಸುತ್ತ.

"ಕಾಟಾ ತಂದಿದೀನಿ," ಎಂದು ಹನುಮಂತು ಮುಂದೆ ಬಂದ. ಅವನು ಸಚಿವಾಲಯಂನಲ್ಲಿ, ಅಂದರೆ ಆಂಧ್ರದ ಊರುಗಳಲ್ಲಿರುವ ಗ್ರಾಮ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ ಕೂರುವ ನೌಕರ. ಜನ ಎದುರಿಗೆ ಸಾರ್ ಎನ್ನುತ್ತಿದ್ದರು. ಅವನೂ ಒಂದು ಪಾಲಿನ ಗಿರಾಕಿ. ಅವನು ತಂದ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಡೀ ಬಾಡನ್ನು ಇಟ್ಟು ತೂಗಿದರು. ಮೂವತ್ತೊಂದು ಕೆ.ಜಿ. ಮನೆಗಳು ಹದಿನಾಲ್ಕು.

"ಅಳಿಮಯ್ಯ," ಎಂದು ಮಾವ ನನ್ನ ಕೈಗೆ ಒಂದು ಇದ್ದಿಲು ತುಂಡು ಕೊಟ್ಟರು. "ಪಾಯಿಂಟ್ ಸಮೇತ ಹಾಕ್ಬಿಡಿ."

ಊರೆಲ್ಲ ನೋಡುತ್ತಿತ್ತು. ಮನೆ ಬಾಗಿಲಲ್ಲಿ ನಿಂತು ವಾಣಿಶ್ರೀಯೂ ನೋಡುತ್ತಿದ್ದಳು. ನಾನು ಕಟ್ಟೆಯ ಚಪ್ಪಡಿಯ ಮೇಲೆ ದೊಡ್ಡದಾಗಿ ಭಾಗಾಕಾರ ಬರೆದೆ. ಹದಿನಾಲ್ಕೆರಡಲಿ ಇಪ್ಪತ್ತೆಂಟು. ಮೂವತ್ತೊಂದರಲ್ಲಿ ಇಪ್ಪತ್ತೆಂಟು ಕಳೆದರೆ ಮೂರು. ಮೂರರಲ್ಲಿ ಹದಿನಾಲ್ಕು ಹೋಗುವುದಿಲ್ಲ.

ಸರಿಯಾಗಿ ಈ ಜಾಗಕ್ಕೆ ಬಂದಾಗಲೇ ನಾನು ಶಾಲೆ ಬಿಟ್ಟಿದ್ದು. ಮೇಷ್ಟ್ರು "ಪಾಯಿಂಟ್ ಇಟ್ಟು ಸೊನ್ನೆ ಇಳಿಸ್ಕೋ" ಎಂದಿದ್ದರು. "ಎಲ್ಲಿಂದ ಇಳಿಸ್ಕೊಳ್ಲಿ ಸಾರ್, ಮ್ಯಾಲೆ ಏನೂ ಇಲ್ಲಲ್ಲ" ಎಂದು ನಾನು ಕೇಳಿದ್ದೆ. "ಇಳಿಸ್ಕೋ ಅಂದ್ರೆ ಇಳಿಸ್ಕೋ" ಎಂದರು. ಇಲ್ಲದ್ದನ್ನು ಇಳಿಸಿಕೊಳ್ಳುವ ಶಾಲೆ ನನಗೆ ಬೇಡವೆಂದು ನಾನು ಎದ್ದು ಬಂದೆ. ಈ ವಿಷಯದಲ್ಲಿ ನನ್ನ ಸಿಟ್ಟು ನ್ಯಾಯವಾದದ್ದು. ಕಾದು ನೋಡಿ.

ಈಗ ಕಟ್ಟೆಯ ಮೇಲೆ ನೆನಪಿದ್ದದ್ದು ಇಷ್ಟೇ: ಪಾಯಿಂಟ್ ಇಡಬೇಕು. ಇಟ್ಟೆ. ಅದರ ಮುಂದೆ ಏನಾದರೂ ಇರಬೇಕು. ಉಳಿದದ್ದು ಮೂರು, ಅದನ್ನೇ ಬರೆದೆ. ಎರಡು ಪಾಯಿಂಟ್ ಮೂರು. ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ಯಾರಿಗೂ ಸಂಶಯ ಬರಲು ಸಾಧ್ಯವೇ ಇರಲಿಲ್ಲ.

"ಮನೆಗೆ ಎರಡು ಪಾಯಿಂಟ್ ಮೂರು ಕೆ.ಜಿ.ರಿ."

ಹನುಮಂತು ಮಾತ್ರ ಫೋನ್ ತೆಗೆದು ಒತ್ತಿ ನೋಡಿದ. "ಇದ್ರಲ್ಲಿ ಬೇರೆ ಬತ್ತಾ ಐತೆ. ಎರಡು ಪಾಯಿಂಟ್ ಎರಡು ಒಂದು ನಾಕು ಎರಡು ಎಂಟು ಐದು ಏಳು ಒಂದು ನಾಕು..."

"ಯಾರ್ದೋ ಫೋನ್ ನಂಬರ್ ಒತ್ತಿದೀರ ನೋಡಿ ಸಾರ್," ಎಂದ ಬೋರಪ್ಪ.

"ಮುಗೀದೇ ಇರೋ ಲೆಕ್ಕ ಯಾರ್ ಮನೆಗ್ ಬೇಕು?" ಎಂದಳು ನರಸಕ್ಕ. "ಮಸಾಲೆ ಅರ್ದು ಇಟ್ಟು ಬಂದಿದೀನಿ. ಅಳಿಯಂದಿರ್ದು ನೋಡು, ಎರಡೇ ಮಾತು, ಮುಗೀತು."

ಹನುಮಂತು ಫೋನಿನ ಕಡೆ ಬೇಸರದಿಂದ ನೋಡಿ ಜೇಬಿಗೆ ಹಾಕಿಕೊಂಡ. ನಾನು ಅವನ ಭುಜ ತಟ್ಟಿದೆ. ಸೋತವರ ಮೇಲೆ ನನಗೆ ಸಿಟ್ಟಿಲ್ಲ.

ತೂಕ ಶುರುವಾಯಿತು. ಒಂದೊಂದು ಗುಡ್ಡೆಯೂ ಎರಡು ಪಾಯಿಂಟ್ ಮೂರು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಜನ ತಲೆದೂಗುತ್ತಿದ್ದರು. ಮಾವ ನನ್ನ ಹಿಂದೆ ನಿಂತು ಎದೆಯುಬ್ಬಿಸಿದ್ದರು. ಹದಿಮೂರು ಗುಡ್ಡೆ ಆಯಿತು. ಹದಿನಾಲ್ಕನೆಯದು ಮಾವನದು, ಏಕೆಂದರೆ ಕುರಿ ಗೊತ್ತುಮಾಡಿದ ಮನೆಯವರು ಕೊನೆಯ ಗುಡ್ಡೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಉಳಿದ ಬಾಡನ್ನು ಕಾಟಾದ ಮೇಲೆ ಇಟ್ಟರು.

ಒಂದು ಪಾಯಿಂಟ್ ಒಂದು.

ಹನುಮಂತು ಕಾಟಾವನ್ನು ತಟ್ಟಿದ. ಒಂದು ಪಾಯಿಂಟ್ ಒಂದು. ಆಫ್ ಮಾಡಿ ಆನ್ ಮಾಡಿದ. ಒಂದು ಪಾಯಿಂಟ್ ಒಂದು. ಬೋರಪ್ಪ ಸೊಪ್ಪಿನ ಕೆಳಗೆ ಹಾಸಿದ್ದ ಟಾರ್ಪಾಲಿನ ಖಾಲಿ ತುದಿ ಎತ್ತಿ ಕೊಡವಿದ. ಒಂದು ಹೊಂಗೆ ಎಲೆ ಬಿತ್ತು.

"ಒಂದ್ ಕೆ.ಜಿ. ಇನ್ನೂರ್ ಗ್ರಾಮ್ ಎಲ್ಲೋಯ್ತು?" ಎಂದರು ಮಾವ, ಮೆಲ್ಲಗೆ.

ಆಗ ನನಗೆ ಸಿಟ್ಟು ಬಂತು. ನನ್ನ ಲೆಕ್ಕ ಸರಿ ಇದ್ದ ಮೇಲೆ ಬಾಡು ಕಡಿಮೆಯಾಗಿದೆ ಎಂದರೆ ಯಾರೋ ಕದ್ದಿದ್ದಾರೆ. ಅದೂ ನನ್ನ ಮಾವನ ಪಾಲು, ನನ್ನ ಕಣ್ಣ ಮುಂದೆಯೇ. "ಕಳ್ಳನ್ನ ಹಿಡಿದೇ ನೀರು ಕುಡಿಯೋದ್ರಿ," ಎಂದೆ. ಇದು ಜಗಳವಲ್ಲ, ವಿಚಾರಣೆ. ವಾಣಿಶ್ರೀಗೆ ಕೇಳಿಸಲಿ ಎಂದು ಇದನ್ನು ಜೋರಾಗಿಯೇ ಹೇಳಿದೆ: "ಇದು ಜಗಳ ಅಲ್ರಿ. ವಿಚಾರಣೆ."

ಮೊದಲ ಆರೋಪಿ ಕಾಳ. ಅದು ನರಸಕ್ಕನ ನಾಯಿ. ಬೆಳಿಗ್ಗೆಯಿಂದ ಕಟ್ಟೆಯ ಬುಡದಲ್ಲಿ ಮಲಗಿ ಧ್ಯಾನ ಮಾಡುತ್ತಿತ್ತು. ಬೋರಪ್ಪ ಅದರ ಹೊಟ್ಟೆ ಒತ್ತಿ ನೋಡಿದ. ಹನುಮಂತು ಅದನ್ನು ಎತ್ತಿ ಕಾಟಾದ ಮೇಲೆ ನಿಲ್ಲಿಸಿದ. ಹದಿನಾರು ಪಾಯಿಂಟ್ ನಾಲ್ಕು. ಅಲ್ಲಿಯವರೆಗೆ ಎಲ್ಲರೂ ಉಸಿರು ಹಿಡಿದಿದ್ದರು. ಆಮೇಲೆ ಕಾಳನ ಬೆಳಗಿನ ತೂಕ ಯಾರಿಗೂ ಗೊತ್ತಿಲ್ಲವೆಂಬುದು ಬೆಳಕಿಗೆ ಬಂತು. ಕಾಳ ಕಾಟಾದಿಂದ ಇಳಿದು, ನಮಗೆ ಬೆನ್ನು ಮಾಡಿ ದೂರ ಹೋಗಿ ಮಲಗಿತು. ಅದಕ್ಕೆ ಬೇಜಾರಾಗಿದ್ದು ಬಾಲದಲ್ಲೇ ಗೊತ್ತಾಗುತ್ತಿತ್ತು.

"ಕಂಪ್ಲೇಂಟ್ ಹಾಕಾನ," ಎಂದ ಹನುಮಂತು, ಫೋನ್ ಮತ್ತೆ ಹೊರತೆಗೆದು, ಸಚಿವಾಲಯಂನ ದೂರಿನ ಫಾರಂ ತೆರೆದು. "ಇಲ್ಲಿ ಬಾಡು ಅಂತ ಇಲ್ಲ. ಕಳೆದುಹೋದ ಜಾನುವಾರು ಅಂತ ಐತೆ. ಬಣ್ಣ ಕೇಳ್ತೈತೆ."

"ಕೆಂಪು ಅಂತ ಹಾಕಿ ಸಾರ್," ಎಂದರು ಮಾವ.

"ಕಿವಿ ಓಲೆ ನಂಬರ್ ಕೇಳ್ತೈತೆ. ಕೊನೇದಾಗಿ ಎಲ್ಲಿ ಮೇಯ್ತಿತ್ತು ಅಂತ ಕೇಳ್ತೈತೆ."

"ಕಿವಿ ಯಾರ್ ಗುಡ್ಡೇಲಿ ಐತ್ರಪ್ಪ?" ಎಂದು ಮಾವ ಹದಿಮೂರು ಗುಡ್ಡೆಗಳ ಕಡೆಗೆ ಕೂಗಿ ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ.

ಆಮೇಲೆ ನರಸಕ್ಕನ ಪಾತ್ರೆಯ ಮುಚ್ಚಳ ತೆಗೆಸಿದರು. ಅದರಲ್ಲಿ ಅವಳು ಬಾಯಿಗೆ ಹಾಕಿಕೊಳ್ಳಲು ತಂದಿದ್ದ ಎಲೆಅಡಿಕೆ ಇತ್ತು. ಅದನ್ನು ಊರೆಲ್ಲ ನೋಡಿದ್ದು ಅವಳಿಗೆ ಅವಮಾನವಾಯಿತು. "ನನ್ನ ನೋಡ್ತೀರಾ? ಬೆಳಗ್ಗಿಂದ ಬಾಡಲ್ಲಿ ಕೈಯಿಟ್ಟೋನು ಯಾರು? ಅವನ್ ಮಡಿಲು ಕೊಡವ್ಸಿ," ಎಂದು ಬೋರಪ್ಪನ ಕಡೆಗೆ ಬೆರಳು ತೋರಿಸಿದಳು.

ಬೋರಪ್ಪ ಎದ್ದು ನಿಂತ. ಪಂಚೆ ಕೊಡವಿದ, ಟವೆಲು ಕೊಡವಿದ, ಬನಿಯನ್ ಎತ್ತಿ ತೋರಿಸಿದ. ಆಮೇಲೆ ಮಚ್ಚನ್ನು ಕೊರಡಿನ ಮೇಲೆ ಇಟ್ಟು ಅದಕ್ಕೆ ಕೈಮುಗಿದ.

"ನಮ್ಮಪ್ಪನ ಮಚ್ಚು ಇದು. ಇವತ್ತು ನನ್ನ ಕಳ್ಳ ಅಂದ್ರಿ. ಇವತ್ತು ಅಂದಿದ್ದು ವರ್ಷೆಲ್ಲಾ ಅಂತೀರ. ಇನ್ ಮುಟ್ಟಾಕಿಲ್ಲ."

ಅದು ನಿಜವಾಗಿಯೂ ವರ್ಷತೊಡಕು ಎಂಬುದು ಎಲ್ಲರಿಗೂ ಆಗ ನೆನಪಾಯಿತು. ಒಬ್ಬ "ಬೋರಪ್ಪಣ್ಣನ್ ಯಾಕಮ್ಮಿ ಅಂದೆ" ಎಂದ. ಇನ್ನೊಬ್ಬ "ಅವ್ಳೇನ್ ಸುಳ್ಳು ಹೇಳಿದ್ಲಾ" ಎಂದ. ಮೂರನೆಯವನು ಹಳೆಯ ಬದುವಿನ ವಿಷಯ ತೆಗೆದ. ಅಷ್ಟೇ, ಊರು ಎರಡಾಯಿತು. ನಾನು ವಾಣಿಶ್ರೀಯ ಕಡೆಗೆ ನೋಡಿದೆ. ಅವಳು ಬಾಡು ತುಂಬಿಕೊಳ್ಳಲು ತಂದ ಖಾಲಿ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ವಾಲಗದವರಿದ್ದರು, ಅಡುಗೆಯವನಿದ್ದ, ಈಗ ಒಂದು ಇಡೀ ಊರೂ ಸೇರಿಕೊಂಡಿತ್ತು. ಅವಳು ತಿರುಗಿ ಒಳಗೆ ಹೊರಟಳು.

ನನ್ನ ಎರಡೂ ಕೈ ಮುಷ್ಟಿಯಾದವು. ಅವನ್ನು ಪ್ಯಾಂಟಿನ ಜೇಬಿಗೆ ತುರುಕಿದೆ. ನಮ್ಮ ಶೆಡ್ಡಿನ ಪ್ಯಾಂಟು, ಜೇಬು ಗಟ್ಟಿ.

"ಯಾರೂ ಕದಲಬಾರ್ದ್ರಿ," ಎಂದೆ. ಎಲ್ಲರೂ ನಿಂತರು. "ಗುಡ್ಡೆ ಎಲ್ಲಾ ವಾಪಸ್ ಸುರೀರಿ. ಎಲ್ಲಾರ್ದೂ. ಯಾರ್ ಗುಡ್ಡ್ಯಾಗ ಏನೈತಿ ಅಂತ ಕಾಟಾ ಹೇಳ್ಲಿ."

ಗೊಣಗುತ್ತ ಸುರಿದರು. ಇಡೀ ರಾಶಿ ಕಾಟಾದ ಮೇಲೆ ಕೂತಿತು. ಅಂಕಿಗಳು ಓಡಿ ಓಡಿ ನಿಂತವು. ವಾಣಿಶ್ರೀಯೂ ಹೊಸ್ತಿಲಲ್ಲಿ ನಿಂತಳು.

ಮೂವತ್ತೊಂದು.

ಒಂದು ಚೂರೂ ಎಲ್ಲಿಗೂ ಹೋಗಿರಲಿಲ್ಲ. ಕದ್ದವರು ಯಾರೂ ಇರಲಿಲ್ಲ. ಜನರ ಕಣ್ಣು ಬಾಡಿನಿಂದ ಬೋರಪ್ಪನಿಗೆ ಹೋಯಿತು, ಬೋರಪ್ಪನಿಂದ ಚಪ್ಪಡಿಯ ಮೇಲಿನ ಇದ್ದಿಲ ಬರಹಕ್ಕೆ ಹೋಯಿತು, ಅಲ್ಲಿಂದ ನನ್ನ ಮೇಲೆ ಬಂದು ಕೂತಿತು. ಮಾವ ಎದೆಯನ್ನು ಮೊದಲಿನ ಅಳತೆಗೆ ತಂದುಕೊಂಡರು.

ಇಂಥ ಹೊತ್ತಿನಲ್ಲಿ ಬೇರೆಯವನಾಗಿದ್ದರೆ ಓಡಿಹೋಗುತ್ತಿದ್ದ. ನನಗೆ ಸಿಟ್ಟು ಬಂತು, ಈ ಸಲ ಆ ಮೂರರ ಮೇಲೆ. ಶಾಲೆಯಿಂದ ಹೊರಗೆ ಹಾಕಿದ್ದು ಇದೇ ಉಳಿಕೆ, ಈಗ ಹೆಂಡತಿಯಿಂದ ದೂರ ಮಾಡುವುದೂ ಇದೇ ಉಳಿಕೆ. ಇದನ್ನು ಬಿಡಬಾರದು.

"ಬೋರಪ್ಪಣ್ಣ, ಮಚ್ಚು ತಗೋರಿ."

"ತಗಣಾಕಿಲ್ಲ."

"ನೀವು ಕಳ್ಳ ಅಲ್ಲ ಅಂತ ಕಾಟಾ ಹೇಳೈತ್ರಿ. ಊರು ನೋಡೈತಿ. ಈಗ ನಿಮ್ ಕೈ ಇಲ್ದಿದ್ರ ಯಾರ್ ಮನ್ಯಾಗೂ ಒಲಿ ಹತ್ತಂಗಿಲ್ರಿ."

"ತಪ್ಪಾಯ್ತು, ತಗಳಣ್ಣ," ಎಂದಳು ನರಸಕ್ಕ, ಬೇವಿನ ಮರವನ್ನು ನೋಡುತ್ತ. ಬೋರಪ್ಪ ಮಚ್ಚು ತೆಗೆದುಕೊಂಡ.

ಮನೆಗೆ ಎರಡೆರಡು ಕೆ.ಜಿ. ಹಾಕಿಸಿದೆ. ಹದಿನಾಲ್ಕು ಗುಡ್ಡೆ, ಯಾರಿಗೂ ಕೊರತೆಯಿಲ್ಲ. ಕೊರಡಿನ ಮೇಲೆ ಮೂರು ಕೆ.ಜಿ. ಉಳಿಯಿತು. ಅದೇ ಮೂರು. ಪಾಯಿಂಟಿನ ಪಕ್ಕ ಲಕ್ಷಣವಾಗಿ ಕೂತಿದ್ದದ್ದು ಈಗ ಕೆಂಪಗೆ ಎದುರಿಗಿತ್ತು. ಹಂಚದೆ ಇದ್ದದ್ದನ್ನು ಹಂಚಿದ್ದೇನೆ ಎಂದು ಬರೆದಿದ್ದೆ.

"ಈ ಮೂರನ್ನ ಹದಿನಾಲ್ಕು ಮನಿಗೆ ಹೆಂಗ ಕೊಡೋದ್ರಿ?"

"ಇದೇನ್ ಕೇಳ್ತೀಯಪ್ಪ, ಸಣ್ಣಗೆ ಕೊಚ್ಚಾದು," ಎಂದ ಬೋರಪ್ಪ.

"ಹಂಗಾರ ಒಂದೊಂದ್ ಕೆ.ಜಿ.ನ ಹತ್ತತ್ತು ಪಾಲು ಮಾಡ್ರಿ."

ಮಚ್ಚು ಆಡಿತು. ಒಂದು ಹತ್ತಾಯಿತು. ಇನ್ನೊಂದು ಹತ್ತಾಯಿತು. ಮತ್ತೊಂದೂ ಹತ್ತಾಯಿತು. ನೂರು ನೂರು ಗ್ರಾಮಿನ ಮೂವತ್ತು ಪಾಲು ಸಾಲಾಗಿ ಕೂತವು. ಮೂರು ಮೂವತ್ತಾಗಿತ್ತು. ನಾನು ಎದ್ದು ನಿಂತುಬಿಟ್ಟೆ. ಮೂರರ ಪಕ್ಕದಲ್ಲಿ ಸೊನ್ನೆ ಬಂದು ಕೂತಿತ್ತು. ಮೇಷ್ಟ್ರೇ, ನೀವು ಎಲ್ಲೇ ಇರಿ, ಕೇಳಿಸಿಕೊಳ್ಳಿ: ಸೊನ್ನೆ ಮೇಲಿನಿಂದ ಇಳಿಯುವುದಲ್ಲ, ಮಚ್ಚಿನಿಂದ ಬರುವುದು. ಅವತ್ತೇ ಒಂದು ಕುರಿ ತಂದಿದ್ದರೆ ನಾನು ಹತ್ತನೇ ಕ್ಲಾಸು ಮುಗಿಸುತ್ತಿದ್ದೆ.

"ಮನಿಗೆ ಎರಡೆರಡು ಪಾಲು," ಎಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿತು. ಇಪ್ಪತ್ತೆಂಟು ಹೋದವು, ಎರಡು ಉಳಿದವು. "ಇವನ್ನೂ ಹತ್ತತ್ತು ಮಾಡ್ರಿ." ಎರಡು ಇಪ್ಪತ್ತಾದವು. "ಮನಿಗೆ ಒಂದೊಂದು." ಹದಿನಾಲ್ಕು ಹೋದವು, ಆರು ಚೂರು ಉಳಿದವು. ನಾನು ಹಳೆಯ ಮೂರನ್ನು ಅಂಗೈಯಿಂದ ಉಜ್ಜಿ ಅಳಿಸಿ, ಅದರ ಜಾಗದಲ್ಲಿ ಬರೆದೆ. ಎರಡು ಪಾಯಿಂಟ್ ಎರಡು ಒಂದು.

ಹನುಮಂತು ಫೋನ್ ತೆಗೆದು ನೋಡಿ, ಕಟ್ಟೆ ನೋಡಿ, ಮತ್ತೆ ಫೋನ್ ನೋಡಿದ. "ಲೇ, ನಂದೂ ಇದೇ ಕಣ್ರೋ. ನಾನು ಮೊದ್ಲೇ ಹೇಳ್ದೆ. ಇನ್ನೊಂದ್ ಸಲ ಕೊಚ್ಚಿ, ಮನೆಗೆ ನಾಕ್ ನಾಕು ಬತ್ತದೆ. ಆಮೇಕೆ ಎರಡೆರಡು, ಆಮೇಕೆ ಎಂಟೆಂಟು."

"ಇನ್ ಕೊಚ್ಚಿದ್ರೆ ಅದು ಬಾಡಲ್ಲ ಸಾರ್, ನಶ್ಯ," ಎಂದು ಬೋರಪ್ಪ ಮಚ್ಚು ಒರೆಸಿಟ್ಟ.

ಆರು ಚೂರು ಅಂಗೈಯಲ್ಲಿ ಹಿಡಿದು ನಿಂತೆ. ಇವು ಯಾರಿಗೆ ಎಂದು ಎಲ್ಲರೂ ಯೋಚಿಸುತ್ತಿದ್ದರು. ನರಸಕ್ಕ ಪಾತ್ರೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಳು. ನಾನು ಅವಳನ್ನು ದಾಟಿ ಹೋಗಿ, ಬೆನ್ನು ಮಾಡಿ ಮಲಗಿದ್ದ ಕಾಳನ ಮೂತಿಯ ಮುಂದೆ ಅವನ್ನು ಇಟ್ಟೆ. ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿತು. ಊರೆಲ್ಲರ ಎದುರಿಗೆ ತಿಂದಿತು. ಮರ್ಯಾದೆ ವಾಪಸ್ ಬಂತು.

ಅಷ್ಟರಲ್ಲಿ ಮಾವ ಕಟ್ಟೆ ಹತ್ತಿದ್ದರು. ಎದೆ ಮತ್ತೆ ಉಬ್ಬಿತ್ತು.

"ಎಲ್ರೂ ಕೇಳ್ರಪ್ಪ. ನಮ್ ಅಳಿಮಯ್ಯ ಮೊದ್ಲು ಲೆಕ್ಕ ತಪ್ಪು ಹಾಕಿದ್ದು ಯಾಕೆ? ಬೇಕಂತ್ಲೇ. ಈ ಊರಲ್ಲಿ ಕಳ್ರು ಅವ್ರಾ ಇಲ್ವಾ ಅಂತ ನೋಡಾಕೆ. ಎಲ್ಲಾರ್ ಗುಡ್ಡೇನೂ ಸುರಿಸಿದ್ರು, ಕಾಟಾ ಏನಂತು? ಮೂವತ್ತೊಂದು. ಒಬ್ನೂ ಕಳ್ಳ ಇಲ್ಲ. ವರ್ಷತೊಡಕಿನ ದಿನ ರುಜುವಾತಾಗೈತೆ, ಇನ್ ವರ್ಷೆಲ್ಲಾ ನಮ್ಮೂರಲ್ಲಿ ಕಳ್ರಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಎಲ್ಲರಿಗೂ ಹಿಡಿಸಿತು. ಬದುವಿನ ವಿಷಯ ತೆಗೆದವನು ಅದನ್ನು ವಾಪಸ್ ಒಳಗಿಟ್ಟುಕೊಂಡ. ಬೋರಪ್ಪ ನನ್ನ ಬೆನ್ನು ತಟ್ಟಿ, "ಮೊದ್ಲೇ ಕಿವೀಲಿ ಹೇಳ್ಬಾರ್ದೇನಪ್ಪ" ಎಂದ. ನರಸಕ್ಕ ತನ್ನ ಗುಡ್ಡೆ ತುಂಬಿಕೊಂಡು, "ನಂದು ಎರಡು ಪಾಯಿಂಟ್ ಎರಡು ಒಂದು ಕಣಮ್ಮಿ, ನಿಂದೆಷ್ಟು?" ಎಂದು ಬೀದಿಯುದ್ದಕ್ಕೂ ಕೇಳುತ್ತ ಹೋದಳು. ನಾನು ಮಾವನ ಮಾತನ್ನು ತಿದ್ದಲಿಲ್ಲ. ಹಿರಿಯರಿಗೆ ಎದುರಾಡಿದರೆ ಅದು ಜಗಳವಾಗುತ್ತದೆ, ಅದೂ ವರ್ಷತೊಡಕಿನ ದಿನ.

ಮಧ್ಯಾಹ್ನದ ಬಸ್ಸಿನಲ್ಲಿ ವಾಣಿಶ್ರೀ ಕಿಟಕಿಯ ಪಕ್ಕ ಕೂತಳು. ಇಡೀ ಊರು ಕೈಬೀಸಿತು. ಕಾಳ ಕೆರೆ ಏರಿಯವರೆಗೆ ಹಿಂದೆ ಓಡಿಬಂತು. ಮಡಕಶಿರದ ದಾರಿ ಹಿಡಿದ ಮೇಲೆ ಅವಳು ಮಾತು ತೆಗೆದಳು.

"ಇವತ್ತು ಯಾರ್ ಮೇಲೂ ಜಗಳಾಡ್ಲಿಲ್ಲ ನೀವು."

"ಆಡೀನಿ. ಮೂರರ ಮ್ಯಾಲೆ."

"ಅಪ್ಪ ಅಂದಿದ್ದು ನಿಜಾನಾ? ಬೇಕಂತ ತಪ್ಪು ಮಾಡಿದ್ದಾ?"

ನಾನು ಹೊರಗಿನ ಕಡಲೆಕಾಯಿ ಹೊಲಗಳನ್ನು ಬಹಳ ಗಮನವಿಟ್ಟು ನೋಡಿದೆ. ಅವಳು ನಗುತ್ತ ಅಮ್ಮ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದಳು. ಮುದ್ದೆ, ಸಾರು, ಏಳು ತುಂಡು. ನನಗೆ ಮೂರು ಹಾಕಿದಳು, ತಾನು ಮೂರು ಇಟ್ಟುಕೊಂಡಳು, ಉಳಿದ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ತಲೆಗೆ ಮೂರು, ಉಳಿದಿದ್ದು ಒಂದು. ಮೂರು ಪಾಯಿಂಟ್ ಒಂದು ಅಲ್ವಾ?"

"ಹಂಗಂದ್ರ ಕಾಳನ್ನ ಹಾಕಿದಂಗ ಡ್ರೈವರ್‌ನ ತೂಕ ಹಾಕಬೇಕಾಗ್ತೈತಿ," ಎಂದೆ.

ಅವಳು ಆ ತುಂಡನ್ನು ಸರಿಯಾಗಿ ನಡುವಿಗೆ ಕಚ್ಚಿ, ಅರ್ಧ ತಾನು ತಿಂದು, ಇನ್ನರ್ಧ ನನ್ನ ಬಾಯಿಗೆ ಇಟ್ಟಳು.

ಮೂರು ಪಾಯಿಂಟ್ ಐದು. ಶೇಷ ಸೊನ್ನೆ.